ಹೊಸಬನಿಗೆ ಹೋಳಿಗೆ, ಹಳಬನಿಗೆ ಗಂಜಿ

ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದನೆಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಇಂದಿನ ಬ್ಯಾಂಕುಗಳ ಜಾಹೀರಾತುಗಳನ್ನು ಓದುವಾಗ ಆ ಗಾದೆ ತಾನಾಗಿ ನೆನಪಿಗೆ ಬರುತ್ತದೆ. ಅವುಗಳ ಪ್ರೀತಿಯೆಲ್ಲ ಹೊಸ ಗಿರಾಕಿಯ ಮೇಲೆಯೇ. ಮೊದಲ ವರ್ಷ ಕಾರ್ಡಿಗೆ ಶುಲ್ಕವಿಲ್ಲ. ಮೊದಲ ಖರೀದಿಗೆ ಇಷ್ಟು ರೂಪಾಯಿ ವಾಪಸು. ಹೊಸ ಗೃಹಸಾಲಕ್ಕೆ ಬಡ್ಡಿಯಲ್ಲಿ ರಿಯಾಯಿತಿ. ಇಪ್ಪತ್ತು ವರ್ಷಗಳಿಂದ ಅದೇ ಶಾಖೆಯ ಮೆಟ್ಟಿಲು ಹತ್ತಿ ಇಳಿದವನಿಗೆ ಮಾತ್ರ ಈ ಪಂಕ್ತಿಯಲ್ಲಿ ಎಲೆಯಿಲ್ಲ. ಹಿತ್ತಲ ಗಿಡ ಮದ್ದಲ್ಲವಷ್ಟೆ!

ಇದರ ಮರ್ಮವೇನೂ ಗಹನವಾದುದಲ್ಲ. ಹೊಸಬನು ನಾಲ್ಕು ಕಡೆ ವಿಚಾರಿಸಿ ಬರುವವನು; ಅವನನ್ನು ಒಲಿಸಿಕೊಳ್ಳಬೇಕು. ಹಳಬನು ವಿಚಾರಿಸುವುದಿಲ್ಲ. ಸಂಬಳ, ವಿದ್ಯುತ್ತಿನ ಬಿಲ್ಲು, ವಿಮೆಯ ಕಂತು ಎಲ್ಲವೂ ಅವನ ಒಂದೇ ಖಾತೆಗೆ ಹೆಣೆದುಕೊಂಡಿರುತ್ತವೆ. ಅದನ್ನು ಬಿಡಿಸುವ ತೊಂದರೆಗಿಂತ ಇದ್ದಲ್ಲಿಯೇ ಇರುವುದು ಲೇಸೆಂದು ಅವನು ಭಾವಿಸುತ್ತಾನೆ. ಅದನ್ನು ಅವನು ನಿಷ್ಠೆಯೆಂದು ಕರೆಯುತ್ತಾನೆ. ಬ್ಯಾಂಕಿನ ಪುಸ್ತಕದಲ್ಲಿ ಅದು ಲಾಭವೆಂದು ಜಮೆಯಾಗುತ್ತದೆ.

‘ಕ್ಯಾಶ್‌ಬ್ಯಾಕ್’ ಎಂಬುದೂ ಧರ್ಮಕ್ಕೆ ಬಂದ ದುಡ್ಡಲ್ಲ. ಕ್ರೆಡಿಟ್ ಕಾರ್ಡಿನ ಮೂಲಕ ಹಣ ಪಡೆಯುವ ಅಂಗಡಿಯವನು ಶುಲ್ಕ ತೆರುತ್ತಾನೆ. ಅದರಲ್ಲಿ ಒಂದು ಪಾಲು ಕಾರ್ಡು ಕೊಟ್ಟ ಬ್ಯಾಂಕಿಗೆ ಸೇರುತ್ತದೆ. ಆ ಪಾಲಿನಿಂದಲೇ ನಮಗೂ ಒಂದು ಚೂರು ಮರಳುತ್ತದೆ. ತಿಂಗಳ ಬಾಕಿಯನ್ನು ಪೂರ್ತಿ ತೀರಿಸುವವನಿಗೆ ಅದು ಲಾಭವೇ ಸರಿ. ಬಾಕಿ ಉಳಿಸಿಕೊಂಡವನ ಕಥೆ ಬೇರೆ. ಅನೇಕ ಕಾರ್ಡುಗಳ ಬಡ್ಡಿ ವರ್ಷಕ್ಕೆ ಶೇಕಡ ೪೦ನ್ನು ಮೀರುವುದರಿಂದ, ನೂರಕ್ಕೆ ಒಂದೆರಡು ರೂಪಾಯಿಯಂತೆ ಕೂಡಿಸಿದ್ದು ನೋಡುನೋಡುತ್ತಲೇ ಕರಗಿಹೋಗುತ್ತದೆ.

ಆದರೆ ಇವೆಲ್ಲ ಚಿಲ್ಲರೆ ಲೆಕ್ಕ. ದೊಡ್ಡ ಲೆಕ್ಕವಿರುವುದು ಗೃಹಸಾಲದಲ್ಲಿ. ೨೦೦೯ರಲ್ಲಿ ಸ್ಟೇಟ್ ಬ್ಯಾಂಕು ಮೊದಲ ವರ್ಷಕ್ಕೆ ಶೇಕಡ ೮ರ ಬಡ್ಡಿಯ ಗೃಹಸಾಲವನ್ನು ಸಾರಿತು; ಬೇರೆ ಬ್ಯಾಂಕುಗಳೂ ಅದೇ ದಾರಿ ಹಿಡಿದವು. ಅಗ್ಗದ ಅವಧಿ ಮುಗಿದು ಬಡ್ಡಿ ಏರಿದಾಗ ಸಾಲಗಾರರು ಕಂತು ಕಟ್ಟಲಾರದೆ ಹೋದಾರೆಂದು ಶಂಕಿಸಿದ ರಿಸರ್ವ್ ಬ್ಯಾಂಕು, ೨೦೧೦ರ ನವೆಂಬರಿನಲ್ಲಿ ಅಂಥ ಸಾಲಗಳಿಗಾಗಿ ಬ್ಯಾಂಕುಗಳು ಕಾದಿರಿಸಬೇಕಾದ ಹಣವನ್ನು ಶೇಕಡ ೦.೪ರಿಂದ ೨ಕ್ಕೆ ಏರಿಸಿತು. ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮುನ್ನ ತೀರಿಸುವವರಿಂದ ಬ್ಯಾಂಕುಗಳು ದಂಡ ವಸೂಲು ಮಾಡಕೂಡದೆಂದು ೨೦೧೨ರಲ್ಲಿ ವಿಧಿಸಿತು. ೨೦೧೯ರ ಅಕ್ಟೋಬರ್ ೧ರಿಂದ, ಬ್ಯಾಂಕುಗಳು ಕೊಡುವ ಹೊಸ ಗೃಹಸಾಲಗಳ ಬದಲಾಗುವ ಬಡ್ಡಿಯನ್ನು ರೆಪೊ ದರದಂಥ ಹೊರಗಿನ ಅಳತೆಗೋಲಿಗೆ ಕಟ್ಟಿಹಾಕಿತು. ಹಳೆಯ ಸಾಲಗಾರರು ಈ ಪದ್ಧತಿಗೆ ಬರಲೂ ಬಾಗಿಲು ತೆರೆದಿಟ್ಟಿತು. ಆದರೆ ಆ ಬಾಗಿಲನ್ನು ತಟ್ಟಬೇಕಾದವನು ಹಳಬನೇ. ಯಾರೂ ಬಂದು ಕರೆಯುವುದಿಲ್ಲ.

ತಟ್ಟದೆ ಕುಳಿತರೆ ಎಷ್ಟು ನಷ್ಟ? ಮೂವತ್ತು ಲಕ್ಷ ರೂಪಾಯಿ ಸಾಲ, ಇಪ್ಪತ್ತು ವರ್ಷದ ಅವಧಿ ಎಂದಿಟ್ಟುಕೊಳ್ಳೋಣ. ಶೇಕಡ ೯ರ ಬಡ್ಡಿಯಲ್ಲಿ ತಿಂಗಳ ಕಂತು ಸುಮಾರು ೨೬,೯೯೦ ರೂಪಾಯಿ, ಶೇಕಡ ೮.೫ರಲ್ಲಿ ೨೬,೦೩೫. ಈ ಅರ್ಧ ಶೇಕಡದ ಅಂತರ ಅವಧಿ ಮುಗಿಯುವ ಹೊತ್ತಿಗೆ ಎರಡು ಲಕ್ಷ ಇಪ್ಪತ್ತೊಂಬತ್ತು ಸಾವಿರದಷ್ಟಾಗುತ್ತದೆ. ಐನೂರು ರೂಪಾಯಿಯ ಕ್ಯಾಶ್‌ಬ್ಯಾಕಿಗಾಗಿ ಹಬ್ಬದ ಸಂತೆಯಲ್ಲಿ ಅಲೆಯುವ ಸಂಸಾರಿಗ ಈ ಮೊತ್ತವನ್ನು ಗಮನಿಸದಿರುವುದು ವಿಚಿತ್ರವಲ್ಲವೆ?

ಮೌನಕ್ಕೆ ಬೀಳುವ ಈ ತೆರಿಗೆಯನ್ನು ಬ್ರಿಟನ್ನಿನಲ್ಲಿ ಅಳೆದೇ ನೋಡಿದ್ದಾರೆ. ಉಳಿತಾಯ, ಗೃಹಸಾಲ, ಮನೆಯ ವಿಮೆ, ಮೊಬೈಲು, ಬ್ರಾಡ್‌ಬ್ಯಾಂಡು ಈ ಐದರಲ್ಲಿ ಹಳೆಯ ಗಿರಾಕಿಗಳಿಗೆ ವರ್ಷಕ್ಕೆ ೪೧೦ ಕೋಟಿ ಪೌಂಡುಗಳಷ್ಟು ಹೊರೆ ಬೀಳುತ್ತಿದೆಯೆಂದು ‘ಸಿಟಿಜನ್ಸ್ ಅಡ್ವೈಸ್’ ಸಂಸ್ಥೆ ೨೦೧೮ರಲ್ಲಿ ದೂರಿತ್ತಿತು. ಮನೆ ಮತ್ತು ವಾಹನಗಳ ವಿಮೆಯನ್ನು ನವೀಕರಿಸುವ ಹಳಬನಿಂದ ಹೊಸಬನಿಗಿಂತ ಹೆಚ್ಚು ಕೇಳಕೂಡದೆಂಬ ನಿಯಮ ಅಲ್ಲಿ ೨೦೨೨ರ ಜನವರಿ ೧ರಿಂದ ಜಾರಿಗೆ ಬಂದಿದೆ.

ನಮ್ಮಲ್ಲಿ ಬ್ಯಾಂಕಿನ ಮೇಲಣ ನಿಷ್ಠೆಗೆ ಹೃದಯದ ನಂಟೂ ಉಂಟು. ೧೯೨೫ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಂಸ್ಥೆಯೊಂದು, ಮುಂದೆ ಸಿಂಡಿಕೇಟ್ ಬ್ಯಾಂಕೆನಿಸಿದುದು, ೧೯೨೮ರಲ್ಲಿ ‘ಪಿಗ್ಮಿ’ ಯೋಜನೆಯಿಂದ ಮನೆ ಬಾಗಿಲಿಗೇ ಹೋಗಿ ಬಡವರ ಕಾಸು ಕೂಡಿಸಿತು. ಆ ವಿಶ್ವಾಸ ಸುಳ್ಳಲ್ಲ. ಆದರೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ೨೦೧೭ರಲ್ಲಿ, ವಿಜಯಾ ಬ್ಯಾಂಕು ೨೦೧೯ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ೨೦೨೦ರಲ್ಲಿ ಬೇರೆ ಬ್ಯಾಂಕುಗಳೊಡನೆ ವಿಲೀನವಾದವು. ನಾವು ನಿಷ್ಠೆ ತೋರಿದ ನಾಮಫಲಕವೇ ಬದಲಾದ ಮೇಲೆ, ಸಂಕೋಚದಿಂದ ಬಾಯಿ ಮುಚ್ಚಿಕೊಂಡಿರುವುದರಲ್ಲಿ ಅರ್ಥವಿಲ್ಲ.

ಮಗು ಅಳದೆ ತಾಯಿಯೂ ಹಾಲೂಡಿಸಳೆನ್ನುತ್ತಾರೆ. ವರ್ಷಕ್ಕೊಮ್ಮೆ ಸಾಲದ ಪತ್ರವನ್ನು ಹೊರತೆಗೆದು, ಅದೇ ಬ್ಯಾಂಕು ಹೊಸಬನಿಗೆ ಕೇಳುತ್ತಿರುವ ಬಡ್ಡಿಯನ್ನು ಬದಿಗಿಟ್ಟು ನೋಡಬೇಕು. ಅಂತರ ಕಂಡರೆ ಲಿಖಿತವಾಗಿ ಅರ್ಜಿ ಕೊಡಬೇಕು. ಪರಿವರ್ತನೆಯ ವೆಚ್ಚವೆಷ್ಟೆಂದೂ ಅದರಲ್ಲಿಯೇ ಕೇಳಬೇಕು. ಉತ್ತರ ಬಾರದಿದ್ದರೆ, ಎದುರು ಬೀದಿಯ ಬ್ಯಾಂಕಿಗೆ ನಾವೂ ಹೊಸ ಗಿರಾಕಿಗಳೇ ಎಂಬುದನ್ನು ಮರೆಯಬಾರದು.