ಹಿತ್ತಿಲ ಅಕ್ವಾಪೋನಿಕ್ಸ್: ಮೀನಿಗಿಂತ ಮೊದಲು ಸಾಕಬೇಕಾದದ್ದು ಕಾಣದ ಜೀವಿಗಳನ್ನು

2020ರ ಲಾಕ್‌ಡೌನ್ ಸಮಯದಲ್ಲಿ ಕೇರಳ ಸರಕಾರದ ‘ಸುಭಿಕ್ಷ ಕೇರಳಂ’ ಯೋಜನೆ ಬಂದ ಬಳಿಕ ಕಾಸರಗೋಡಿನ ಹಳ್ಳಿ ಮನೆಗಳ ಹಿತ್ತಿಲಲ್ಲಿಯೂ ಮೀನಿನ ತೊಟ್ಟಿಗಳು ಕಾಣಿಸಿಕೊಂಡವು. ಕೆಲವರು ಟಾರ್ಪಾಲು ಹಾಸಿದ ಕೊಳ ಮಾಡಿದರು. ಇನ್ನು ಕೆಲವರು ಒಂದು ಹೆಜ್ಜೆ ಮುಂದೆ ಹೋಗಿ, ಮೀನಿನ ನೀರನ್ನೇ ತರಕಾರಿಗೆ ಹರಿಸುವ ಅಕ್ವಾಪೋನಿಕ್ಸ್ ಕಟ್ಟಿಕೊಂಡರು. ಆಗ ಉತ್ಸಾಹದಿಂದ ತುಂಬಿಸಿದ ತೊಟ್ಟಿಗಳಲ್ಲಿ ಕೆಲವು ಇಂದು ತೆಂಗಿನ ಸಿಪ್ಪೆ ಹಾಕುವ ಜಾಗವಾಗಿವೆ. ಯಾಕೆ ಹೀಗಾಯಿತು ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ, ನಮ್ಮ ಮನೆಯ ಅನುಭವವನ್ನೇ ಹೇಳಬಹುದು.

ಜುಲೈ ತಿಂಗಳ ಒಂದು ರಾತ್ರಿ. ಗಾಳಿಮಳೆಗೆ ತೆಂಗಿನ ಮಡಲು ತಂತಿಯ ಮೇಲೆ ಬಿದ್ದು ಕರೆಂಟ್ ಹೋಯಿತು. ಬೆಳಗ್ಗೆ ಎದ್ದು ನೋಡಿದರೆ ತೊಟ್ಟಿಯ ತಿಲಾಪಿಯಾ ಮೀನುಗಳೆಲ್ಲ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಅದು ಮೊದಲ ಪೆಟ್ಟು. ವಾಸನೆ ಹೋಗಲಿ ಎಂದು ತೊಟ್ಟಿಗೂ ಜಲ್ಲಿಗೂ ಬ್ಲೀಚಿಂಗ್ ಪೌಡರ್ ಹಾಕಿ ಚೆನ್ನಾಗಿ ತೊಳೆದು, ಹೊಸ ನೀರು ತುಂಬಿಸಿ, ಹೊಸ ಮರಿಗಳನ್ನು ಬಿಟ್ಟೆವು. ಈ ಬಾರಿ ಕರೆಂಟ್ ಇತ್ತು, ಪಂಪ್ ಓಡುತ್ತಿತ್ತು, ನೀರು ಕನ್ನಡಿಯಂತಿತ್ತು. ಆದರೂ ಹತ್ತು ದಿನ ಕಳೆಯುವಷ್ಟರಲ್ಲಿ ಮರಿಗಳು ಒಂದೊಂದಾಗಿ ಸತ್ತವು. ಎರಡನೆಯ ಪೆಟ್ಟಿನ ಕಾರಣ ತಿಳಿದಾಗಲೇ ಈ ಪದ್ಧತಿ ಏನೆಂದು ಅರ್ಥವಾದದ್ದು.

ಜಲ್ಲಿಯೊಳಗಿನ ಕೆಲಸಗಾರರು

ಮೀನು ತಿಂದ ಆಹಾರದ ಒಂದಂಶ ಅಮೋನಿಯ ಆಗಿ ಅದರ ಕಿವಿರುಗಳ ಮೂಲಕ ನೀರಿಗೆ ಬರುತ್ತದೆ. ಅಮೋನಿಯ ಮೀನಿಗೆ ವಿಷ. ಜಲ್ಲಿಯ ಮೇಲೆ, ಪೈಪಿನ ಒಳಗೋಡೆಯ ಮೇಲೆ ಬೆಳೆಯುವ ಒಂದು ಗುಂಪಿನ ಬ್ಯಾಕ್ಟೀರಿಯಾಗಳು ಈ ಅಮೋನಿಯವನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಿಸುತ್ತದೆ. ನೈಟ್ರೇಟ್ ಗಿಡಗಳಿಗೆ ಗೊಬ್ಬರ. ಗಿಡ ಅದನ್ನು ಹೀರಿಕೊಂಡ ಬಳಿಕ ಶುದ್ಧವಾದ ನೀರು ಮತ್ತೆ ಮೀನಿನ ತೊಟ್ಟಿಗೆ ಬರುತ್ತದೆ. ಇಷ್ಟೇ ಅಕ್ವಾಪೋನಿಕ್ಸ್.

ಅಂದರೆ ನಾವು ಸಾಕುವುದು ಮೀನು ಮತ್ತು ಗಿಡ ಎರಡನ್ನೇ ಅಲ್ಲ. ಕಣ್ಣಿಗೆ ಕಾಣದ ಮೂರನೆಯ ಸಾಕಣೆಯೊಂದು ನಡುವೆ ಇದೆ. ಬ್ಲೀಚಿಂಗ್ ಪೌಡರಿನಿಂದ ನಾವು ಕೊಂದದ್ದು ಅದನ್ನೇ.

ಈ ಜೀವಿಗಳು ನೆಲೆಯೂರಲು ನಮ್ಮ ಹವೆಯಲ್ಲಿಯೂ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ತೊಟ್ಟಿ ಕಟ್ಟಿದ ಮರುದಿನವೇ ನೂರು ಮರಿ ತಂದು ಬಿಡುವುದು ಬೇಡ. ಮೊದಲು ಐದಾರು ಮರಿಗಳನ್ನು ಮಾತ್ರ ಬಿಟ್ಟು ಚಿಟಿಕೆಯಷ್ಟೇ ಆಹಾರ ಕೊಡಿ. ಚೆನ್ನಾಗಿ ನಡೆಯುತ್ತಿರುವ ಬೇರೊಂದು ಘಟಕದಿಂದ ಒಂದು ಬಕೆಟ್ ಹಳೆಯ ಜಲ್ಲಿ ಸಿಕ್ಕಿದರೆ ಕೆಲಸ ಬೇಗ ಆಗುತ್ತದೆ, ಮೊಸರಿಗೆ ಹೆಪ್ಪು ಹಾಕಿದಂತೆ. ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ ಪರೀಕ್ಷಾ ಕಿಟ್‌ನಲ್ಲಿ ಅಮೋನಿಯ ಏರಿ ಇಳಿದು, ನೈಟ್ರೈಟ್ ಏರಿ ಇಳಿದು, ನೈಟ್ರೇಟ್ ಕಾಣಿಸಿಕೊಂಡರೆ ಘಟಕ ಸಿದ್ಧವಾಯಿತು ಎಂದು ತಿಳಿಯಬಹುದು.

ಒಂದು ಮನೆಯ ಲೆಕ್ಕ

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ 2014ರಲ್ಲಿ ಪ್ರಕಟಿಸಿದ ಸಣ್ಣ ಅಕ್ವಾಪೋನಿಕ್ಸ್ ಕೈಪಿಡಿಯ ಪ್ರಕಾರ, ಸೊಪ್ಪು ತರಕಾರಿ ಬೆಳೆಯುವ ಒಂದು ಚದರ ಮೀಟರ್ ಜಾಗಕ್ಕೆ ದಿನಕ್ಕೆ 40ರಿಂದ 50 ಗ್ರಾಂ ಮೀನಿನ ಆಹಾರ ಬೇಕು. ಬದನೆ, ಟೊಮೆಟೊದಂತಹ ಕಾಯಿ ತರಕಾರಿಗೆ 50ರಿಂದ 80 ಗ್ರಾಂ. ಗಮನಿಸಿ, ಲೆಕ್ಕ ಇರುವುದು ಮೀನಿನ ಸಂಖ್ಯೆಯ ಮೇಲಲ್ಲ, ಹಾಕುವ ಆಹಾರದ ಮೇಲೆ.

1,000 ಲೀಟರಿನ ತೊಟ್ಟಿಯಲ್ಲಿ ಕಾಲು ಕಿಲೋ ತೂಕದ 40 ಮೀನುಗಳಿದ್ದರೆ ಒಟ್ಟು 10 ಕಿಲೋ ಆಯಿತು. ತೂಕದ ಶೇಕಡ ಒಂದೂವರೆಯಂತೆ ದಿನಕ್ಕೆ 150 ಗ್ರಾಂ ಆಹಾರ. ಇದರಿಂದ ಸುಮಾರು 3 ಚದರ ಮೀಟರ್ ಸೊಪ್ಪು ಬೆಳೆಯಬಹುದು. ಜಲ್ಲಿಯ ಪೆಟ್ಟಿಗೆ 30 ಸೆಂಟಿಮೀಟರ್, ಅಂದರೆ ಒಂದಡಿ ಆಳವಿರಲಿ. ಆ ಲೆಕ್ಕದಲ್ಲಿ ಜಲ್ಲಿಯ ಭಾರವೇ ಸುಮಾರು ಒಂದೂವರೆ ಟನ್. ಆದ್ದರಿಂದ ತಾರಸಿಯ ಮೇಲೆ ಕಟ್ಟುವ ಆಲೋಚನೆ ಇದ್ದರೆ ಇಂಜಿನಿಯರನ್ನು ಕೇಳದೆ ಮುಂದುವರಿಯಬಾರದು.

ಹೊಸಬರು ಎಡವುವುದು ಇಲ್ಲಿಯೇ. ತಲಾ 10 ಗ್ರಾಂ ತೂಗುವ 40 ಮರಿಗಳಿಗೆ ದಿನಕ್ಕೆ 20 ಗ್ರಾಂ ಆಹಾರ ಸಾಕು. ಅದರಿಂದ ಅರ್ಧ ಚದರ ಮೀಟರ್ ಸೊಪ್ಪಿಗೆ ಮಾತ್ರ ಗೊಬ್ಬರ ಸಿಗುತ್ತದೆ. ಮೊದಲ ತಿಂಗಳೇ ಇಡೀ ಪೆಟ್ಟಿಗೆಗೆ ಗಿಡ ನೆಟ್ಟರೆ ಎಲ್ಲವೂ ಹಳದಿ ಬಣ್ಣಕ್ಕೆ ತಿರುಗುತ್ತವೆ. ಗಿಡ ಹಳದಿಯಾಯಿತೆಂದು ಹೆಚ್ಚು ಆಹಾರ ಸುರಿದರೆ ಮರಿ ಸಾಯುತ್ತದೆ. ಮೀನು ಬೆಳೆದಂತೆ ಗಿಡದ ಸಂಖ್ಯೆ ಹೆಚ್ಚಿಸುತ್ತಾ ಹೋಗುವುದೇ ಸರಿಯಾದ ಕ್ರಮ.

ಜಲ್ಲಿ ಅರ್ಧದಿಂದ ಮುಕ್ಕಾಲು ಇಂಚಿನ ಕರಿಗಲ್ಲಿನದ್ದೇ ಇರಲಿ, ಚೆನ್ನಾಗಿ ತೊಳೆದು ಹಾಕಿ. ನಮ್ಮಲ್ಲಿ ಸುಲಭವಾಗಿ ಸಿಗುವ ಮುರಕಲ್ಲಿನ ಚೂರು ಬೇಡ. ಅದು ಪುಡಿಯಾಗಿ ಕೆಸರು ಕಟ್ಟುತ್ತದೆ. ಗಂಟೆಗೆ ಒಮ್ಮೆ ತೊಟ್ಟಿಯ ಅಷ್ಟೂ ನೀರು ಜಲ್ಲಿಯ ಮೂಲಕ ಹಾದುಹೋಗುವಂತಹ ಪಂಪ್ ಬೇಕು. ಪಂಪನ್ನು ತೊಟ್ಟಿಯ ತಳದಲ್ಲಿಡದೆ ಸ್ವಲ್ಪ ಎತ್ತರದಲ್ಲಿಡಿ. ಪೈಪ್ ಕಳಚಿಕೊಂಡರೂ ಮೀನಿಗೆ ಉಸಿರಾಡುವಷ್ಟು ನೀರು ತಳದಲ್ಲಿ ಉಳಿಯುತ್ತದೆ.

ಯಾವ ಮೀನು?

ತಿಲಾಪಿಯಾ ಗಟ್ಟಿ ಮೀನು, ಬೇಗ ಬೆಳೆಯುತ್ತದೆ. ಆದರೆ ಗಿಫ್ಟ್ ತಳಿಯ ತಿಲಾಪಿಯಾ ಸಾಕಲು ಅನುಮತಿ ಬೇಕು. ಮೀನುಗಾರಿಕಾ ಇಲಾಖೆಯಲ್ಲಿ ವಿಚಾರಿಸಿಯೇ ಮರಿ ತರಬೇಕು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದು ದೇಶದಲ್ಲಿ ನಿಷಿದ್ಧ. ಮಲಯಾಳದಲ್ಲಿ ಕರಿಪ್ಪಿಡಿ ಎನ್ನುವ ಅನಾಬಸ್ ಮೀನು ನೀರಿನ ಮೇಲೆ ಬಂದು ಗಾಳಿಯನ್ನೇ ಉಸಿರಾಡಬಲ್ಲದು. ಕರೆಂಟ್ ಕೈಕೊಡುವ ಊರುಗಳಿಗೆ ಇದು ಒಳ್ಳೆಯ ಆಯ್ಕೆ. ಆದರೆ ಜಲ್ಲಿಯ ಬ್ಯಾಕ್ಟೀರಿಯಾಗಳಿಗೆ ನೀರಿನಲ್ಲಿ ಕರಗಿದ ಆಮ್ಲಜನಕ ಬೇಕೇ ಬೇಕು ಎಂಬುದನ್ನು ಮರೆಯಬಾರದು. ಮೀನು ತಿನ್ನದ ಮನೆಯವರು ಕೋಯಿ ಕಾರ್ಪ್‌ನಂತಹ ಅಲಂಕಾರದ ಮೀನು ಸಾಕಿ ತರಕಾರಿಯನ್ನಷ್ಟೇ ಪಡೆಯಬಹುದು. ಯಾವ ಮೀನೇ ಆಗಲಿ, ಬೇಡವಾದಾಗ ತೋಡಿಗೋ ಹೊಳೆಗೋ ಬಿಡಬೇಡಿ. ಅಲ್ಲಿನ ನಾಡಮೀನುಗಳಿಗೆ ಕುತ್ತಾಗುತ್ತದೆ.

ದಿನದ ಕೆಲಸ, ವಾರದ ಕೆಲಸ

ಬೆಳಗ್ಗೆ ಎದ್ದ ಕೂಡಲೇ ಮಾಡಬೇಕಾದದ್ದು ಮೂರು. ಪಂಪ್ ಓಡುತ್ತಿದೆಯೇ, ಗಾಳಿಗುಳ್ಳೆ ಬರುತ್ತಿದೆಯೇ, ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದೆಯೇ ಎಂದು ನೋಡುವುದು. ಆಹಾರವನ್ನು ಎರಡು ಹೊತ್ತು, ಹದಿನೈದು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ ಕೊಡಿ. ಉಳಿದದ್ದನ್ನು ಬಲೆಯಿಂದ ತೆಗೆದುಬಿಡಿ. ಮೀನು ತಿನ್ನಲು ಬರಲಿಲ್ಲವೆಂದರೆ ಮೊದಲು ನೀರನ್ನು ಪರೀಕ್ಷಿಸಬೇಕು. ಆವಿಯಾಗಿ, ಗಿಡ ಹೀರಿ ದಿನಕ್ಕೆ ಶೇಕಡ ಒಂದರಿಂದ ಮೂರರಷ್ಟು ನೀರು ಕಡಿಮೆಯಾಗುತ್ತದೆ. 1,000 ಲೀಟರಿಗೆ ಒಂದೆರಡು ಕೊಡ ಸೇರಿಸಿದರೆ ಸಾಕು. ಬೇಸಗೆಯಲ್ಲಿ ಬಾವಿ, ಸುರಂಗ ಬತ್ತುವ ನಮ್ಮ ಕಡೆಗೆ ಈ ಪದ್ಧತಿಯ ದೊಡ್ಡ ಲಾಭ ಇದೇ.

ಮಳೆಗಾಲಕ್ಕೆ ಮೊದಲು ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವ ಕ್ರಮ ನಮ್ಮಲ್ಲಿದೆ. ಅದು ಕುಡಿಯುವ ನೀರಿಗೆ ಒಳ್ಳೆಯದು, ತೊಟ್ಟಿಗೆ ಅಲ್ಲ. ಕ್ಲೋರಿನ್ ವಾಸನೆಯ ನೀರನ್ನು ಬಾಯಿ ಅಗಲವಾದ ಪಾತ್ರೆಯಲ್ಲಿ ಎರಡು ದಿನ ತೆರೆದಿಟ್ಟು ಬಳಿಕ ಸೇರಿಸಿ.

ವಾರಕ್ಕೊಮ್ಮೆ ಅಮೋನಿಯ, ನೈಟ್ರೈಟ್ ಮತ್ತು ಪಿಎಚ್ ಪರೀಕ್ಷೆ ಮಾಡಬೇಕು. ಮೊದಲೆರಡು ಲೀಟರಿಗೆ 1 ಮಿಲಿಗ್ರಾಂ ಮೀರಿದರೆ ಆಹಾರ ನಿಲ್ಲಿಸಿ, ಮೂರನೆಯ ಒಂದು ಪಾಲು ನೀರು ಬದಲಿಸಿ. ಮೀನು ಎರಡು ದಿನ ಉಪವಾಸವಿದ್ದರೆ ಸಾಯುವುದಿಲ್ಲ.

ಪಿಎಚ್ 6.5ರಿಂದ 7ರ ಆಸುಪಾಸಿನಲ್ಲಿದ್ದರೆ ಮೀನು, ಗಿಡ, ಬ್ಯಾಕ್ಟೀರಿಯಾ ಮೂರೂ ಹೊಂದಿಕೊಂಡು ಹೋಗುತ್ತವೆ. ಮುರಕಲ್ಲಿನ ನೆಲದ ನಮ್ಮ ಬಾವಿನೀರು ಸಾಮಾನ್ಯವಾಗಿ ಮೆದು, ತುಸು ಆಮ್ಲೀಯ. ಬ್ಯಾಕ್ಟೀರಿಯಾಗಳ ಕೆಲಸವೂ ನೀರನ್ನು ಆಮ್ಲೀಯಗೊಳಿಸುತ್ತದೆ. ಪಿಎಚ್ 6ಕ್ಕಿಂತ ಕೆಳಗಿಳಿದರೆ ಅವು ಕೆಲಸ ಬಿಟ್ಟುಬಿಡುತ್ತವೆ. ಇದಕ್ಕೆ ಕಡಲ ಕರೆಯವರ ಕೈಯಲ್ಲೇ ಮದ್ದಿದೆ. ಮರುವಾಯಿ ಚಿಪ್ಪನ್ನು ತೊಳೆದು, ಒಡೆದು, ಬಲೆಯ ಚೀಲದಲ್ಲಿ ಕಟ್ಟಿ ನೀರು ಬೀಳುವಲ್ಲಿ ಇಡಿ. ನೀರು ಆಮ್ಲೀಯವಾದಾಗ ಅದು ನಿಧಾನವಾಗಿ ಕರಗುತ್ತದೆ, ಸರಿಯಾದಾಗ ಕರಗುವುದು ಬಹುಮಟ್ಟಿಗೆ ನಿಲ್ಲುತ್ತದೆ. ಸುಣ್ಣ ಅಥವಾ ಬೂದಿಯನ್ನು ನೇರವಾಗಿ ಸುರಿದರೆ ಪಿಎಚ್ ಹಠಾತ್ತನೆ ಏರುತ್ತದೆ. ಪಿಎಚ್ ಏರಿದಷ್ಟೂ ಇರುವ ಅಮೋನಿಯದ ವಿಷ ಹೆಚ್ಚಾಗುತ್ತದೆ.

ಮೀನಿನ ಆಹಾರದಲ್ಲಿ ಗಿಡಕ್ಕೆ ಬೇಕಾದ ಕಬ್ಬಿಣ, ಪೊಟ್ಯಾಷಿಯಂ, ಕ್ಯಾಲ್ಸಿಯಂ ಸಾಕಷ್ಟು ಇರುವುದಿಲ್ಲ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ತುಕ್ಕು ಹಿಡಿದ ಮೊಳೆ ಹಾಕಿ ಪ್ರಯೋಜನವಿಲ್ಲ, ಕೀಲೇಟೆಡ್ ಕಬ್ಬಿಣವನ್ನೇ ಬಳಸಬೇಕು. ಹಳೆ ಎಲೆಯ ಅಂಚು ಸುಟ್ಟಂತಾದರೆ ಪೊಟ್ಯಾಷಿಯಂ ಕೊರತೆ ಎನ್ನಬಹುದು.

ತಿಂಗಳಿಗೊಮ್ಮೆ ಪಂಪ್ ಬಿಚ್ಚಿ ತೊಳೆಯಿರಿ. ಆರು ತಿಂಗಳಿಗೊಮ್ಮೆ ಜಲ್ಲಿಯನ್ನು ಸ್ವಲ್ಪ ಸ್ವಲ್ಪವೇ ಕೆದಕಿ ಹಳೆಯ ಬೇರು, ಕೆಸರು ತೆಗೆಯಿರಿ. ತೊಳೆಯಲು ತೊಟ್ಟಿಯ ನೀರನ್ನೇ ಬಳಸಿ, ಸಾಬೂನು ಹತ್ತಿರ ತರಬೇಡಿ.

ಮೈಲುತುತ್ತಿನ ಅಪಾಯ

ಕೊಳೆರೋಗಕ್ಕೆ ಅಡಿಕೆ ಕೃಷಿಕರು ಮುಂಗಾರಿಗೆ ಮೊದಲೊಮ್ಮೆ, ಬಳಿಕ 40-45 ದಿನಗಳ ಅಂತರದಲ್ಲಿ ಬೋರ್ಡೋ ದ್ರಾವಣ ಸಿಂಪಡಿಸುತ್ತಾರೆ. ಶೇಕಡ 1ರ ದ್ರಾವಣವೆಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತಿನ ತಾಮ್ರ ಮೀನಿಗೆ ಬಹಳ ಅಪಾಯಕಾರಿ. ನಮ್ಮಲ್ಲಿರುವಂತಹ ಮೆದು ನೀರಿನಲ್ಲಿ ಅದರ ವಿಷ ಇನ್ನೂ ತೀವ್ರ. ಸಿಂಪಡಣೆಯ ದಿನ ತೊಟ್ಟಿಗೂ ಗಿಡಗಳಿಗೂ ಟಾರ್ಪಾಲು ಮುಚ್ಚಬೇಕು. ಸಿಂಪಡಣೆಯ ಬಳಿಕ ಮಾಡಿನಿಂದ ಇಳಿಯುವ ಮೊದಲ ಮಳೆಯ ನೀರು ತೊಟ್ಟಿಗೆ ಬರಬಾರದು. ದ್ರಾವಣ ಕಲಸಿದ ಬಕೆಟ್‌ನಲ್ಲಿ ತೊಟ್ಟಿಗೆ ನೀರು ಸುರಿಯಬಾರದು.

ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್‌ನ ಫಲವನ್ನು ಕಂಡ ನೆಲ ಇದು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿತು. ಸಿಂಪಡಿಸಿದ್ದು ಸಿಂಪಡಿಸಿದಲ್ಲೇ ನಿಲ್ಲುವುದಿಲ್ಲ ಎಂಬ ಪಾಠ ನಮಗೆ ಹೊಸತಲ್ಲ. ಅಕ್ವಾಪೋನಿಕ್ಸ್‌ನಲ್ಲಿ ಗಿಡಕ್ಕೆ ಹೊಡೆದ ಔಷಧಿ ಅದೇ ದಿನ ಮೀನಿನ ಕಿವಿರಿಗೆ ತಲಪುತ್ತದೆ. ಹುಳುಗಳನ್ನು ಕೈಯಿಂದ ಹೆಕ್ಕುವುದು, ಬಲೆ ಕಟ್ಟುವುದು, ರೋಗದ ಗಿಡ ಕಿತ್ತುಹಾಕುವುದು ಇಷ್ಟೇ ದಾರಿ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲ್ಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ತೆರೆದ ತೊಟ್ಟಿ ತುಂಬಿ ಹರಿದರೆ ಗೊಬ್ಬರವೆಲ್ಲ ಚರಂಡಿಗೆ ಹೋಗುತ್ತದೆ. ಆದ್ದರಿಂದ ಪಾರದರ್ಶಕ ಶೀಟಿನ ಮಾಡು ಬೇಕೇ ಬೇಕು.

ಕರೆಂಟ್ ಹೋದ ರಾತ್ರಿ

28 ಡಿಗ್ರಿ ತಾಪದ 1,000 ಲೀಟರ್ ನೀರಿನಲ್ಲಿ ಕರಗಿರಬಲ್ಲ ಆಮ್ಲಜನಕ ಹೆಚ್ಚೆಂದರೆ 8 ಗ್ರಾಂ. ಹತ್ತು ಕಿಲೋ ಮೀನು ಗಂಟೆಗೆ ಸುಮಾರು 3 ಗ್ರಾಂ ಬಳಸಿದರೆ, ಎರಡು ಗಂಟೆಯಲ್ಲಿ ಅವು ಬಾಯಿಬಿಡಲು ಶುರುಮಾಡುತ್ತವೆ. ನಮ್ಮ ತೊಟ್ಟಿಯಲ್ಲಿ ಅಂದು ರಾತ್ರಿ ಆದದ್ದು ಇದೇ.

ಪಂಪ್ ಮತ್ತು ಗಾಳಿ ಯಂತ್ರ ಸೇರಿ 40 ವ್ಯಾಟ್ ಎಂದಿಟ್ಟುಕೊಂಡರೆ ದಿನಕ್ಕೆ ಹೆಚ್ಚುಕಡಿಮೆ ಒಂದು ಯೂನಿಟ್, ಎರಡು ತಿಂಗಳಿಗೊಮ್ಮೆ ಬರುವ ಕೆಎಸ್‌ಇಬಿ ಬಿಲ್ಲಿನಲ್ಲಿ 60 ಯೂನಿಟ್ ಹೆಚ್ಚು. ಮನೆಯ ಇನ್ವರ್ಟರಿನ 12 ವೋಲ್ಟ್, 100 ಆಂಪಿಯರ್-ಅವರ್ ಬ್ಯಾಟರಿ ಅರ್ಧ ಖಾಲಿಯಾಗುವಷ್ಟರಲ್ಲಿ ಈ ಭಾರವನ್ನು ಸುಮಾರು ಹನ್ನೆರಡು ಗಂಟೆ ಹೊರಬಲ್ಲದು. ಮನೆಯ ಫ್ಯಾನು, ದೀಪಗಳೂ ಅದರಲ್ಲೇ ಇದ್ದರೆ ಗಾಳಿ ಯಂತ್ರಕ್ಕೆ ಮಾತ್ರ ಸಣ್ಣ ಬ್ಯಾಟರಿಯೊಂದನ್ನು ಪ್ರತ್ಯೇಕ ಇಡುವುದು ಕ್ಷೇಮ. ಯಾವುದೂ ಇಲ್ಲದಿದ್ದರೆ ತಂಬಿಗೆಯಿಂದ ನೀರು ಮೊಗೆದು ಎತ್ತರದಿಂದ ಸುರಿಯುತ್ತಿರಬೇಕು. ಕರೆಂಟ್ ಇಲ್ಲದ ಹೊತ್ತು ಆಹಾರ ಹಾಕಬಾರದು.

ಇದರಿಂದ ಆದಾಯ ಎಷ್ಟು ಎಂದು ಕೇಳುವವರಿದ್ದಾರೆ. ಇಷ್ಟು ಸಣ್ಣ ಘಟಕ ಸಂಪಾದನೆಯ ದಾರಿಯಲ್ಲ. ವಾರಕ್ಕೆರಡು ಸಲ ವಿಷವಿಲ್ಲದ ಸೊಪ್ಪು, ಆರೇಳು ತಿಂಗಳಿಗೊಮ್ಮೆ ಮನೆಯ ಸಾರಿಗೆ ತಾಜಾ ಮೀನು ಸಿಕ್ಕರೆ ಅದೇ ಲಾಭ. ಹೆಚ್ಚಿನ ಮಾಹಿತಿಗೆ ನಿಮ್ಮ ಪಂಚಾಯತಿನ ಕೃಷಿ ಭವನವನ್ನು ಅಥವಾ ಕಾಸರಗೋಡು ಸಿಪಿಸಿಆರ್‌ಐಯ ಕೃಷಿ ವಿಜ್ಞಾನ ಕೇಂದ್ರವನ್ನು ವಿಚಾರಿಸಬಹುದು.

ನಮ್ಮ ತೊಟ್ಟಿಯಲ್ಲಿ ಮೂರನೆಯ ಬಾರಿಗೆ ಮರಿ ಬಿಟ್ಟದ್ದು ಆರು ವಾರ ಕಾದ ಮೇಲೆ. ಈಗ ಜಲ್ಲಿ ನೋಡಲು ಅಷ್ಟೇನೂ ಚಂದವಿಲ್ಲ, ಮೇಲೆ ಕಂದು ಲೋಳೆ ಕಟ್ಟಿದೆ. ಮನೆಗೆ ಬಂದವರು “ಇದನ್ನೊಮ್ಮೆ ತೊಳೆಯಬಾರದೇ?” ಎಂದು ಕೇಳುತ್ತಾರೆ. ಆ ಲೋಳೆ ಇರುವುದರಿಂದಲೇ ಮೀನು ಬದುಕಿದೆ ಎಂದು ಹೇಳಿ, ಒಂದು ಕಟ್ಟು ಹರಿವೆ ಕೊಯ್ದು ಕೊಡುತ್ತೇವೆ.