ಅಕ್ಕಂದಿರ ನೆರಳಿನಲ್ಲಿ ಉಳಿದ ‘ಆಗ್ನೆಸ್ ಗ್ರೇ’

ಬ್ರಾಂಟೆ ಸೋದರಿಯರು ಎಂದೊಡನೆ ಇಂಗ್ಲಿಷ್ ಸಾಹಿತ್ಯದ ಓದುಗರಿಗೆ ನೆನಪಾಗುವುದು ಷಾರ್ಲೆಟ್‌ಳ ‘ಜೇನ್ ಐರ್’ ಮತ್ತು ಎಮಿಲಿಯ ‘ವುದರಿಂಗ್ ಹೈಟ್ಸ್’. ಕಿರಿಯಳಾದ ಆನ್ ಬ್ರಾಂಟೆಯ ಹೆಸರು ಬಹುಮಟ್ಟಿಗೆ ಲೆಕ್ಕ ಪೂರ್ತಿಮಾಡುವುದಕ್ಕಷ್ಟೇ ಬರುತ್ತದೆ. ನಾನೂ ಈ ಮಾತಿಗೆ ಹೊರತಾಗಿರಲಿಲ್ಲ. ಕಾಲೇಜು ದಿನಗಳಲ್ಲಿ ‘ಜೇನ್ ಐರ್’ ಓದಿ ಮೆಚ್ಚಿದವನು, ಆನ್‌ಳ ‘ಆಗ್ನೆಸ್ ಗ್ರೇ’ಯನ್ನು ಕೈಗೆತ್ತಿಕೊಂಡದ್ದು ನಿವೃತ್ತಿಯ ನಂತರ. ಇಷ್ಟು ತಡಮಾಡಿದ್ದಕ್ಕೆ ಈಗ ವಿಷಾದವಿದೆ.

ಈ ಕಾದಂಬರಿಯ ದುರದೃಷ್ಟ ಅದರ ಹುಟ್ಟಿನೊಂದಿಗೇ ಆರಂಭವಾಯಿತು. 1847ರ ಡಿಸೆಂಬರಿನಲ್ಲಿ ಲಂಡನ್ನಿನ ಪ್ರಕಾಶಕ ನ್ಯೂಬಿ ಮೂರು ಸಂಪುಟಗಳ ಒಂದು ಕಟ್ಟನ್ನು ಹೊರತಂದ. ಮೊದಲೆರಡು ಸಂಪುಟಗಳು ‘ವುದರಿಂಗ್ ಹೈಟ್ಸ್’. ಮೂರನೆಯದು ‘ಆಗ್ನೆಸ್ ಗ್ರೇ’. ಎಮಿಲಿಯ ಬಿರುಗಾಳಿಯಂಥ ಕೃತಿಯ ಬೆನ್ನಿಗೆ ಬಂದ ಈ ಮೆಲುದನಿಯ ಕಥೆಯನ್ನು ಗಮನಿಸುವ ವ್ಯವಧಾನ ವಿಮರ್ಶಕರಿಗಿರಲಿಲ್ಲ. ಅದಕ್ಕೆ ಎರಡು ತಿಂಗಳ ಹಿಂದಷ್ಟೇ ‘ಜೇನ್ ಐರ್’ ಪ್ರಕಟವಾಗಿ ಮನೆಮಾತಾಗಿತ್ತು. ಅಲ್ಲಿಯೂ ನಾಯಕಿ ಗವರ್ನೆಸ್, ಅಂದರೆ ಸಿರಿವಂತರ ಮನೆಯಲ್ಲಿದ್ದು ಮಕ್ಕಳಿಗೆ ಪಾಠ ಹೇಳುವ ಗೃಹಶಿಕ್ಷಕಿ. ಹೀಗಾಗಿ ಆನ್‌ಳ ಪುಸ್ತಕ ಅಕ್ಕನ ಕೃತಿಯ ಸಪ್ಪೆ ಅನುಕರಣೆಯಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ವಾಸ್ತವದಲ್ಲಿ ಷಾರ್ಲೆಟ್ ‘ಜೇನ್ ಐರ್’ ಬರೆಯಲು ತೊಡಗುವ ಮೊದಲೇ ‘ಆಗ್ನೆಸ್ ಗ್ರೇ’ಯ ಹಸ್ತಪ್ರತಿ ಸಿದ್ಧವಾಗಿತ್ತು.

ಕಥೆ ಸರಳವಾದುದು. ಉತ್ತರ ಇಂಗ್ಲೆಂಡಿನ ಬಡ ಪಾದ್ರಿಯೊಬ್ಬ ತನ್ನ ಅಲ್ಪ ಆಸ್ತಿಯನ್ನು ವ್ಯಾಪಾರಿ ಮಿತ್ರನೊಬ್ಬನ ಉದ್ಯಮದಲ್ಲಿ ತೊಡಗಿಸುತ್ತಾನೆ. ಹಡಗು ಮುಳುಗಿ ಹಣವೆಲ್ಲ ನೀರುಪಾಲಾಗುತ್ತದೆ. ಕಿರಿಯ ಮಗಳು ಆಗ್ನೆಸ್ ಮನೆಗೆ ನೆರವಾಗಲು ಗೃಹಶಿಕ್ಷಕಿಯಾಗಿ ಹೊರಡುತ್ತಾಳೆ. ಮೊದಲು ಬ್ಲೂಮ್‌ಫೀಲ್ಡ್ ಕುಟುಂಬದಲ್ಲಿ ವರ್ಷಕ್ಕೆ 25 ಪೌಂಡ್ ಸಂಬಳ. ಆಮೇಲೆ ಮರ್ರೆ ಕುಟುಂಬದಲ್ಲಿ 50 ಪೌಂಡ್. ಆನ್ ಇದನ್ನು ಕಲ್ಪಿಸಿ ಬರೆದವಳಲ್ಲ. 1839ರಲ್ಲಿ ಬ್ಲೇಕ್ ಹಾಲ್‌ನಲ್ಲಿಯೂ, 1840ರಿಂದ 1845ರವರೆಗೆ ಯಾರ್ಕ್ ಸಮೀಪದ ಥಾರ್ಪ್ ಗ್ರೀನ್‌ನಲ್ಲಿಯೂ ಆಕೆ ಇದೇ ವೃತ್ತಿಯಲ್ಲಿದ್ದಳು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಈ ಕಾದಂಬರಿ ಮೊದಲು ಮುಖ್ಯವೆನಿಸಿದ್ದು ಅದು ಹಣದ ಬಗ್ಗೆ ತೋರುವ ನೇರವಂತಿಕೆಯಿಂದ. ಅಂದಿನ ಇಂಗ್ಲೆಂಡಿನಲ್ಲಿ ಮಧ್ಯಮವರ್ಗದ ಹೆಣ್ಣುಮಗಳು ಮರ್ಯಾದೆಗೆ ಕುಂದಿಲ್ಲದೆ ದುಡಿಯಬಹುದಾಗಿದ್ದ ದಾರಿಗಳು ತೀರ ಕಡಿಮೆ. ಎಲ್ಲರೂ ಆ ಒಂದೇ ಬಾಗಿಲಿಗೆ ಮುಗಿಬಿದ್ದರೆ ಸಂಬಳ ಇಳಿಯದೆ ಇನ್ನೇನಾದೀತು? ದಿಕ್ಕಿಲ್ಲದ ಗೃಹಶಿಕ್ಷಕಿಯರಿಗೆಂದೇ ಲಂಡನ್ನಿನಲ್ಲಿ 1840ರ ದಶಕದಲ್ಲಿ ಸಹಾಯಸಂಸ್ಥೆಯೊಂದು ಹುಟ್ಟಿಕೊಳ್ಳಬೇಕಾಯಿತು. ಆಗ್ನೆಸ್ ಎರಡನೆಯ ಕೆಲಸಕ್ಕಾಗಿ ಪತ್ರಿಕೆಯಲ್ಲಿ ಜಾಹೀರಾತು ಕೊಡುತ್ತಾಳೆ. ಸಂಗೀತ, ಚಿತ್ರಕಲೆ, ಫ್ರೆಂಚ್, ಲ್ಯಾಟಿನ್, ಜರ್ಮನ್ ಎಲ್ಲವೂ ಅದರಲ್ಲಿವೆ. ತಾಯಿ ಸೂಚಿಸಿದ 50 ಪೌಂಡ್ ಕೊಡಲು ಒಪ್ಪಿದವರು ಮಾತ್ರ ಇಬ್ಬರೇ!

ಎರಡನೆಯದು ಅಧಿಕಾರದ ಪ್ರಶ್ನೆ. ಬ್ಲೂಮ್‌ಫೀಲ್ಡ್ ಮನೆಯ ಮಕ್ಕಳು ಹಿಡಿತಕ್ಕೆ ಸಿಗದವರು. ಅವರನ್ನು ತಿದ್ದುವ ಹೊಣೆ ಆಗ್ನೆಸ್‌ಳದು. ಶಿಕ್ಷಿಸುವ ಹಕ್ಕು ಆಕೆಗಿಲ್ಲ. ಮಕ್ಕಳು ಕೆಟ್ಟರೆ ತಪ್ಪು ಆಕೆಯದು. ಹೊಣೆಯನ್ನು ಕೆಳಗಿನವರಿಗೆ ಹೊರಿಸಿ ಅಧಿಕಾರವನ್ನು ಮೇಲೆಯೇ ಉಳಿಸಿಕೊಳ್ಳುವ ಈ ಏರ್ಪಾಡು ಸರ್ಕಾರಿ ಕಚೇರಿಗಳಲ್ಲಿ ಆಯುಷ್ಯ ಕಳೆದ ನನ್ನಂಥವರಿಗೆ ಅಪರಿಚಿತವೇನಲ್ಲ. ವರ್ಷ ತುಂಬುವ ಮೊದಲೇ ಆಕೆಯನ್ನು ಮನೆಗೆ ಕಳುಹಿಸಲಾಗುತ್ತದೆ.

ಅದೇ ಭಾಗದಲ್ಲಿ ಮರೆಯಲಾಗದ ಪ್ರಸಂಗವೊಂದಿದೆ. ಹುಡುಗ ಟಾಮ್ ಹಕ್ಕಿಮರಿಗಳ ಗೂಡನ್ನು ತಂದು, ಅವನ್ನು ಬಗೆಬಗೆಯಾಗಿ ಹಿಂಸಿಸುವ ಉತ್ಸಾಹದಲ್ಲಿರುತ್ತಾನೆ. ಅವನ ಸೋದರಮಾವನಿಗೆ ಅದು ಗಂಡಸುತನದ ಲಕ್ಷಣ. ತಡೆಯಲು ಬೇರೆ ದಾರಿ ಕಾಣದ ಆಗ್ನೆಸ್ ದೊಡ್ಡ ಚಪ್ಪಡಿಕಲ್ಲೊಂದನ್ನು ಎತ್ತಿಹಾಕಿ ಆ ಮರಿಗಳನ್ನು ಒಮ್ಮೆಗೇ ಕೊಂದುಬಿಡುತ್ತಾಳೆ. ಮಗನ ಆಟ ಕೆಡಿಸಿದ್ದಕ್ಕೆ ಮನೆಯೊಡತಿ ಆಕ್ಷೇಪಿಸುತ್ತಾಳೆ. ಪಾದ್ರಿಯ ಮಗಳೊಬ್ಬಳು ದಯೆಗಾಗಿಯೇ ಕೊಲ್ಲಬೇಕಾದ ಈ ಸನ್ನಿವೇಶವನ್ನು ಆನ್ ಯಾವ ಅಲಂಕಾರವೂ ಇಲ್ಲದೆ ಬರೆದಿದ್ದಾಳೆ.

ಮರ್ರೆಯವರ ಮನೆಯಲ್ಲಿ ಕ್ರೌರ್ಯ ಹೆಚ್ಚು ನಯವಾದುದು. ಚರ್ಚಿನಿಂದ ಹಿಂದಿರುಗುವಾಗ ಮನೆಯ ಹೆಣ್ಣುಮಕ್ಕಳೂ ಅವರ ಗೆಳೆಯರೂ ಆಗ್ನೆಸ್‌ಳ ತಲೆಯ ಮೇಲಿಂದಲೇ ಮಾತಾಡಿಕೊಳ್ಳುತ್ತಾರೆ. ಅಲ್ಲಿ ಯಾರೂ ಇಲ್ಲವೇನೋ ಎಂಬಂತೆ. ಗಾಡಿಯಲ್ಲಿ ಆಕೆಗೆ ಸಿಗುವುದು ಕುದುರೆಗಳಿಗೆ ಬೆನ್ನುಹಾಕಿ ಕೂರುವ, ಹೊಟ್ಟೆ ತೊಳಸುವ ಮೂಲೆ. ಯಾರೂ ಬೈಯುವುದಿಲ್ಲ, ಹೊಡೆಯುವುದಿಲ್ಲ. ಕಾಣುವುದೇ ಇಲ್ಲ, ಅಷ್ಟೇ.

ಕೃತಿಗೆ ಮಿತಿಗಳಿಲ್ಲವೆಂದಲ್ಲ. ಉಪದೇಶದ ಧ್ವನಿ ಆಗಾಗ ತಲೆಯೆತ್ತುತ್ತದೆ. ಆಗ್ನೆಸ್ ಕೊನೆಗೆ ಮದುವೆಯಾಗುವ ಕಿರಿಯ ಪಾದ್ರಿ ವೆಸ್ಟನ್ ತುಸು ಅತಿಯಾಗಿಯೇ ಸಜ್ಜನ. ‘ಜೇನ್ ಐರ್’ನ ಭಾವತೀವ್ರತೆ ಇಲ್ಲಿಲ್ಲ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ವರ್ಷಕ್ಕೆ 30 ಪೌಂಡಿಗೆ ದುಡಿಯುತ್ತಿದ್ದ ಜೇನ್‌ಳನ್ನು ಪಾರುಮಾಡುವಲ್ಲಿ ಚಿಕ್ಕಪ್ಪನಿಂದ ಬಂದ 20,000 ಪೌಂಡುಗಳ ಪಾತ್ರ ದೊಡ್ಡದು. ಆಗ್ನೆಸ್‌ಳಿಗೆ ಅಂಥ ಅದೃಷ್ಟವಿಲ್ಲ. ತಂದೆಯ ಮರಣಾನಂತರ ತಾಯಿಯೂ ಮಗಳೂ ಸೇರಿ ಪುಟ್ಟ ಶಾಲೆಯೊಂದನ್ನು ನಡೆಸುತ್ತಾರೆ. ಬಡವನನ್ನು ವರಿಸಿದ್ದಕ್ಕೆ ಪಶ್ಚಾತ್ತಾಪಪಟ್ಟರೆ ಆಸ್ತಿ ಕೊಡುವೆನೆಂಬ ಸಿರಿವಂತ ಅಜ್ಜನ ಪತ್ರವನ್ನು ತಾಯಿ ತಿರಸ್ಕರಿಸುತ್ತಾಳೆ. ವೆಸ್ಟನ್ ಮತ್ತೆ ಎದುರಾಗುವ ಹೊತ್ತಿಗೆ ಆಗ್ನೆಸ್ ತನ್ನ ಕಾಲ ಮೇಲೆ ನಿಂತಿರುತ್ತಾಳೆ. ಬಹುಪಾಲು ಗೃಹಶಿಕ್ಷಕಿಯರ ಬದುಕಿಗೆ ಯಾವುದು ಹತ್ತಿರವೆಂದು ಹೇಳಬೇಕಾಗಿಲ್ಲ.

ಆನ್ 1849ರಲ್ಲಿ, ತನ್ನ 29ನೆಯ ವಯಸ್ಸಿನಲ್ಲಿ ಸ್ಕಾರ್‌ಬರೋದಲ್ಲಿ ಕ್ಷಯದಿಂದ ತೀರಿಕೊಂಡಳು. ಆಕೆಯ ಎರಡನೆಯ ಕಾದಂಬರಿಯ ಮರುಮುದ್ರಣ ಬೇಡವೆಂದು ಷಾರ್ಲೆಟ್‌ಳೇ ಅಭಿಪ್ರಾಯಪಟ್ಟಳು. ‘ಆಗ್ನೆಸ್ ಗ್ರೇ’ಯ ಗದ್ಯವನ್ನು ಐರಿಷ್ ಲೇಖಕ ಜಾರ್ಜ್ ಮೂರ್ ಮುಕ್ತಕಂಠದಿಂದ ಹೊಗಳುವ ವೇಳೆಗೆ ಮುಕ್ಕಾಲು ಶತಮಾನ ಕಳೆದಿತ್ತು.

ಪುಸ್ತಕ ಮುಚ್ಚಿಟ್ಟ ರಾತ್ರಿ ನನಗೆ ಬಹಳ ಹಿಂದಿನ ಸಂಗತಿಯೊಂದು ನೆನಪಾಯಿತು. ಜಿಲ್ಲಾ ಕೇಂದ್ರವೊಂದರಲ್ಲಿ ನಾನು ಕೆಲಸದಲ್ಲಿದ್ದಾಗ ನಮ್ಮ ಮಕ್ಕಳಿಗೆ ಪಾಠ ಹೇಳಲು ಒಬ್ಬ ಯುವತಿ ಸಂಜೆ ಮನೆಗೆ ಬರುತ್ತಿದ್ದರು. ತಿಂಗಳ ಮೊದಲ ದಿನವೇ ಸಂಬಳ ಕೊಡುತ್ತಿದ್ದೆನೆಂಬ ಹೆಮ್ಮೆ ನನಗಿತ್ತು. ಮಕ್ಕಳು ಅವರೆದುರು ಒರಟಾಗಿ ನಡೆದುಕೊಂಡಾಗ ನಾವು ನಕ್ಕು ಸುಮ್ಮನಾಗುತ್ತಿದ್ದೆವು. ಒಂದು ದಿನ ಅವರು ಬರುವುದನ್ನು ನಿಲ್ಲಿಸಿದರು. ನಾನು ಕಾರಣ ವಿಚಾರಿಸಲಿಲ್ಲ, ಬೇರೊಬ್ಬರನ್ನು ಗೊತ್ತುಮಾಡಿದೆ. ಎಷ್ಟು ಯೋಚಿಸಿದರೂ ಈಗ ಅವರ ಹೆಸರು ನೆನಪಿಗೆ ಬರುತ್ತಿಲ್ಲ.