ಪುಣೆಯ ಆಟ, ಪ್ರಭುವಿನ ಹೆಸರು

ಬ್ಯಾಡ್ಮಿಂಟನ್ ಆಂಗ್ಲರ ನಾಡಿನಲ್ಲೇ ಹುಟ್ಟಿದ ಆಟವೆಂದು ನಮ್ಮ ವಾಚಕರಲ್ಲಿ ಹಲವರು ಎಣಿಸಿರಬಹುದು. ಗರಿಚೆಂಡನ್ನು ಹೊಡೆದಾಡುವ ವಿನೋದವು ಪೂರ್ವಪಶ್ಚಿಮಗಳೆರಡರಲ್ಲಿಯೂ ಪುರಾತನವಾದುದೇ ಸರಿ. ಆದರೆ ನಡುವೆ ಬಲೆ ಕಟ್ಟಿ ಸೋಲುಗೆಲವುಗಳನ್ನೆಣಿಸುವ ಕ್ರಮವು 19ನೆಯ ಶತಮಾನದಲ್ಲಿ ರೂಪುಗೊಂಡುದು ಪುಣೆಯ ದಂಡಿನಲ್ಲಿ. ಆಗ ಅದಕ್ಕಿದ್ದ ಹೆಸರೂ ‘ಪೂನಾ’ ಎಂದೇ. ಸ್ವದೇಶಕ್ಕೆ ಮರಳಿದ ಸೇನಾಧಿಕಾರಿಗಳು ಅದನ್ನು ಕೊಂಡೊಯ್ದರು. ಅಲ್ಲಿ ಬೋಫರ್ಟ್ ಪ್ರಭುವಿನ ‘ಬ್ಯಾಡ್ಮಿಂಟನ್’ ಮಹಲಿನ ಹೆಸರು ಅದಕ್ಕೆ ಅಂಟಿತು. ಊರು ಮರೆಯಾಯಿತು, ಮಹಲು ಉಳಿಯಿತು!

1934ರಲ್ಲಿ ಒಂಬತ್ತು ದೇಶಗಳು ಕೂಡಿ ಅಂತರರಾಷ್ಟ್ರೀಯ ಸಂಘವನ್ನು ಸ್ಥಾಪಿಸಿದಾಗ ಆಟದ ತವರಿಗೆ ಅಲ್ಲಿ ಸ್ಥಾನವಿರಲಿಲ್ಲ; ಏಷ್ಯಾಖಂಡದ ಯಾವ ದೇಶಕ್ಕೂ ಇರಲಿಲ್ಲ. ಆದರೇನು? 1949ರಲ್ಲಿ ಪ್ರಪ್ರಥಮ ಥಾಮಸ್ ಕಪ್ಪನ್ನು ಗೆದ್ದುದು ಇನ್ನೂ ಪರಾಧೀನವಾಗಿದ್ದ ಮಲಯ. 1992ರ ಬಾರ್ಸಿಲೋನಾ ಒಲಿಂಪಿಕ್ಸಿನಲ್ಲಿ ಸೂಸಿ ಸುಸಾಂತಿ ಎಂಬ ತರುಣಿಯು ಇಂಡೊನೇಷ್ಯಕ್ಕೆ ಅದರ ಮೊತ್ತಮೊದಲ ಚಿನ್ನವನ್ನು ತಂದಿತ್ತಳು. ಹದಿನಾರು ಗರಿಗಳ, ಐದು ಗ್ರಾಂ ತೂಕದ ಚೆಂಡಿಗೆ ವಿಶಾಲವಾದ ಮೈದಾನ ಬೇಡ. ಗಾಳಿ ನುಗ್ಗದ ಒಂದು ಹಜಾರ ಸಾಕು. ಬಡ ನಾಡುಗಳಿಗೆ ಅದು ಒಲಿದುದರಲ್ಲಿ ಆಶ್ಚರ್ಯವೇನಿದೆ?

ಆ ಹಜಾರವೇ ನಮ್ಮಲ್ಲಿ ದುರ್ಲಭ. ಹಿಂದಿನ ಎರಡು ವರ್ಷಗಳ ವಿಜೇತನಾದ ಇಂಡೊನೇಷ್ಯದ ಲಿಯೆಮ್ ಸ್ವೀ ಕಿಂಗನನ್ನು 1980ರಲ್ಲಿ ವೆಂಬ್ಲಿಯಲ್ಲಿ ಸೋಲಿಸಿ, ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಪಡೆದ ಮೊದಲ ಭಾರತೀಯರು ಬೆಂಗಳೂರಿನ ಪ್ರಕಾಶ್ ಪಡುಕೋಣೆಯವರು. ಬಾಲ್ಯದಲ್ಲಿ ಅವರು ಅಭ್ಯಾಸ ಮಾಡಿದುದು ಮಲ್ಲೇಶ್ವರದ ಒಂದು ಮದುವೆಯ ಮಂಟಪದಲ್ಲಿ. ಅಲ್ಲಿ ಲಗ್ನವಿದ್ದ ದಿನ ಆಟವಿಲ್ಲ. ಇಂದಿಗೂ ನಮ್ಮ ಸಣ್ಣ ಊರುಗಳ ಮಕ್ಕಳು ಎರಡು ಕಂಬಗಳ ನಡುವೆ ಹಗ್ಗ ಬಿಗಿದು, ಗಾಳಿ ನಿಲ್ಲಲೆಂದು ಕಾಯುತ್ತಿರುವುದನ್ನು ನಾವು ಕಾಣುತ್ತಿದ್ದೇವೆ. ಪುರಸಭೆಗಳ ಮಾನ್ಯ ಸದಸ್ಯರು ಒಂದು ಸಂಜೆ ಆ ಬೀದಿಗಳಲ್ಲಿ ನಡೆದು ನೋಡುವರೇ?